ಮಲೆನಾಡಲ್ಲಿ ಹೊಸ ಮನೆಗೆ ಹಂಚು ಹಾಕೋದಾ, ಶೀಟಾ?

ರೇಟು ಕೇಳುವ ಮೊದಲು ಸೈಟಿನ ಸುತ್ತ ನೋಡಿ, ಮಂಗ ಬರುತ್ತವಾ ಅಂತ. ತಮಾಷೆ ಅಲ್ಲ. ತೀರ್ಥಹಳ್ಳಿ, ಸಾಗರದ ಕಡೆ ಚೆನ್ನಾಗಿದ್ದ ಹಂಚಿನ ಮಾಡನ್ನು, ಅಂದರೆ ಛಾವಣಿಯನ್ನು, ಮಂಗನ ಕಾಟಕ್ಕೇ ಬಿಚ್ಚಿ ಬಣ್ಣದ ಉಕ್ಕಿನ ಶೀಟು ಹಾಕಿಸಿದವರು ಬೇಕಾದಷ್ಟು ಜನ ಇದ್ದಾರೆ. ಒಂದು ಹಿಂಡು ಹಾರಿಹೋದರೆ ಹತ್ತು ಹಂಚು ಜರುಗಿರುತ್ತದೆ, ನಿಮಗೆ ಗೊತ್ತಾಗುವುದು ಮಳೆ ಬಂದು ಹಾಸಿಗೆ ಒದ್ದೆಯಾದ ಮೇಲೆ.

ಎರಡನೆಯದು, ಮಾಡು ಹತ್ತುವವರು ಯಾರು? ಹಂಚಿನ ಮನೆಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಸಲ ಕೈಯಾಡಿಸಬೇಕು: ಒಡೆದದ್ದು ಬದಲಿಸಿ, ಸಂದಿಯ ಕಸ ತೆಗೆದು, ಜರುಗಿದ್ದನ್ನು ಕೂರಿಸಬೇಕು. ಮೊದಲು ಇದಕ್ಕೆ ಊರಲ್ಲೇ ಜನ ಇದ್ದರು. ಈಗ ಮೇ ತಿಂಗಳಲ್ಲಿ ಅವರನ್ನು ಹಿಡಿಯುವುದೇ ಕಷ್ಟ. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ವಯಸ್ಸಾದವರಿಬ್ಬರೇ ಅಂತಾದರೆ ಶೀಟೇ ಹಾಕಿ, ಇದರಲ್ಲಿ ನನಗೆ ಅನುಮಾನವಿಲ್ಲ.

ಇವೆರಡೂ ತೊಂದರೆ ಇಲ್ಲ ಅಂದರೆ ಇಳಿಜಾರು ನೋಡಿ. ಹಂಚಿಗೆ ಸುಮಾರು 30 ಡಿಗ್ರಿ ಬೇಕು, ಅಂದರೆ ಅಡ್ಡಕ್ಕೆ 10 ಅಡಿ ಹೋದರೆ ಎತ್ತರ 5 ಅಡಿ 9 ಇಂಚು. ಪ್ಲಾನ್ ಮಾಡುವವರು 'ನೋಡೋಕೆ ಚೆನ್ನಾಗಿರಲ್ಲ' ಅಂತ ಇದನ್ನು ಚಪ್ಪಟೆ ಮಾಡಲು ಬರುತ್ತಾರೆ, ಬಿಡಬೇಡಿ, ಗಾಳಿ ಮಳೆಗೆ ನೀರು ಸಂದಿಯಲ್ಲಿ ಹಿಂದಕ್ಕೆ ಏರಿ ಒಳಗೆ ಬರುತ್ತದೆ. ಶೀಟಿಗೆ ಇದರ ಅರ್ಧ ಇಳಿಜಾರೂ ಸಾಕು. ಇನ್ನೊಂದು, ನೆಲದ ಚದರಡಿ ಮೇಲೆ ಲೆಕ್ಕ ಹಾಕಬೇಡಿ. 1,000 ಚದರಡಿ ನೆಲಕ್ಕೆ 30 ಡಿಗ್ರಿಯ ಮಾಡು 1,150 ದಾಟುತ್ತದೆ, ಗೋಡೆಯಿಂದ ಹೊರಗೆ ಚಾಚುವ ಸೂರು ಬೇರೆ.

ಭಾರದ ವಿಷಯ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ, ಒಂದೊಂದು ಎರಡೂವರೆ ಕೆಜಿ ಅಂದುಕೊಳ್ಳಿ. 1,000 ಚದರಡಿ ಮಾಡಿಗೆ ಮೂರೂವರೆ ಟನ್ ಆಯಿತು, ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಅಷ್ಟೇ ಜಾಗಕ್ಕೆ ಶೀಟು ಅರ್ಧ ಟನ್ ಒಳಗೇ ಮುಗಿಯುತ್ತದೆ. ಹಾಗಾಗಿ ಬರೀ ಹಂಚಿನ ರೇಟನ್ನು ಶೀಟಿನ ರೇಟಿಗೆ ಹೋಲಿಸಿದರೆ ಮೋಸ ಹೋಗುತ್ತೀರಿ. ಖರ್ಚೆಲ್ಲ ಪಕಾಸು (ಇಳಿಜಾರಿನುದ್ದಕ್ಕೆ ಇಳಿಯುವ ತೊಲೆ), ರೀಪಿನಲ್ಲಿದೆ (ಹಂಚು ಕೂರುವ ಅಡ್ಡಪಟ್ಟಿ). ಮರ ಈಗ ಕೈಗೆಟುಕುವುದಿಲ್ಲ, ಗೆದ್ದಲು ಬೇರೆ, ಹಾಗಾಗಿ ಹೆಚ್ಚಿನವರು ಕಬ್ಬಿಣದ ಪೈಪಿನಲ್ಲೇ ರೀಪು ಮಾಡಿಸುತ್ತಾರೆ.

ಹಂಚು ಅಂತ ಗಟ್ಟಿ ಮಾಡಿದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟಣ್ ಅನ್ನಬೇಕು. ಒಂದೆರಡನ್ನು ತೂಗಿ ರಾತ್ರಿಯಿಡೀ ನೀರಲ್ಲಿಟ್ಟು ಮತ್ತೆ ತೂಗಿ. ಅರ್ಧ ಕೆಜಿ ನೀರು ಕುಡಿಯುವ ಹಂಚನ್ನು ನಾನಂತೂ ತರುವುದಿಲ್ಲ. ಕೆಡವಿದ ಹಳೇ ಮನೆಯ ಹಂಚು ಸಿಕ್ಕರೆ ಬಿಡಬೇಡಿ. 1860ರ ದಶಕದಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದಾಗಿನಿಂದ ಹಿಂಬದಿಯಲ್ಲಿ ಹೆಸರೊತ್ತಿದ ಹಂಚು ಬಂದಿದೆ, ಎಷ್ಟೋ ಹಳೇ ಹಂಚು ಇವತ್ತಿಗೂ ಗಟ್ಟಿಯಾಗಿದೆ. ಆದರೆ ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಎರಡು ಅಚ್ಚಿದ್ದರೆ ಒಂದನ್ನು ಮುಂದಿನ ಇಳಿಜಾರಿಗೆ, ಇನ್ನೊಂದನ್ನು ಹಿಂದಿನದಕ್ಕೆ ಹಾಕಿ. ರೀಪಿನ ಅಂತರವನ್ನೂ ತಂದ ಹಂಚನ್ನೇ ಇಟ್ಟು ಗುರುತು ಮಾಡಿಸಿ, ಬಾಯಿಲೆಕ್ಕ ಬೇಡ.

ಶೀಟಾದರೆ ಬಣ್ಣ ನೋಡಿ ಮರುಳಾಗಬೇಡಿ. ಕೇಳಬೇಕಾದ್ದು ಎರಡು: ಬಣ್ಣ ಬಿಟ್ಟು ಉಕ್ಕಿನ ದಪ್ಪ ಎಷ್ಟು, ಲೇಪ ಯಾವುದು. 0.50 ಮಿಮೀ ಅಂತ ಮಾರುವುದು ಎಷ್ಟೋ ಸಲ ಬಣ್ಣ, ಲೇಪ ಎಲ್ಲ ಸೇರಿ. ಬರೀ ಸತುವಿನ ಲೇಪಕ್ಕಿಂತ ಗ್ಯಾಲ್ವಾಲ್ಯೂಮ್, ಅಂದರೆ 55% ಅಲ್ಯುಮಿನಿಯಂ ಇರುವ ಲೇಪ, ನಮ್ಮ ಮಳೆಗೆ ಜಾಸ್ತಿ ತಡೆಯುತ್ತದೆ. ನಮ್ಮ ಅಂಗಳದ ಶೀಟನ್ನು ಕೆಲಸದವರು ಮೇಲೆ ಕೂತೇ ಗ್ರೈಂಡರಿನಲ್ಲಿ ಕತ್ತರಿಸಿದರು, ಕಿಡಿ ಹಾರಿ ಬಿದ್ದಲ್ಲೆಲ್ಲ ಮುಂದಿನ ಮಳೆಗಾಲಕ್ಕೇ ಕಂದು ಚುಕ್ಕೆ. ಅಳತೆಗೆ ಅಂಗಡಿಯಲ್ಲೇ ಕತ್ತರಿಸಿ ತರಿಸಿ. ಸ್ಕ್ರೂ ಕೂಡ ರಬ್ಬರ್ ವಾಷರ್ ಚಪ್ಪಟೆಯಾಗಿ ಹೊರಗೆ ಬರುವಷ್ಟು ಬಿಗಿಯಬಾರದು, ಸೋರುವುದು ಅಲ್ಲಿಂದಲೇ.

ಶಬ್ದ, ಸೆಕೆ ಗೊತ್ತಿರುವುದೇ. ಆಷಾಢದ ಮಳೆಯಲ್ಲಿ ಬರೀ ಶೀಟಿನ ಕೆಳಗೆ ಫೋನಲ್ಲಿ ಮಾತಾಡಲು ಆಗಲ್ಲ. ಏಪ್ರಿಲ್ ಮಧ್ಯಾಹ್ನ ಕೂರಲೂ ಆಗಲ್ಲ. ಚಳಿಗಾಲದ ಬೆಳಗ್ಗೆ ಒಳಬದಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕುತ್ತದೆ ಅನ್ನುವುದನ್ನು ಮಾತ್ರ ಮಾರುವವರು ಹೇಳುವುದಿಲ್ಲ. ಕೆಳಗೆ ಮುಚ್ಚಿಗೆಯೋ (ಒಳಛಾವಣಿ) ಫೋಮೋ ಹಾಕಲೇಬೇಕು, ಅದರ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ.

ನಾವು ಮಲಗುವ ಮನೆಗೆ ಹಂಚು, ಅಂಗಳ ಮತ್ತು ಕೊಟ್ಟಿಗೆಗೆ ಶೀಟು ಮಾಡಿದೆವು. ಮಂಗ ನಮ್ಮಲ್ಲಿ ಕಡಿಮೆ, ಏಣಿ ಹತ್ತಲು ನನಗಿನ್ನೂ ಕಾಲು ಗಟ್ಟಿ ಇದೆ. ನೀವೂ ಹಂಚು ಹಾಕಿಸಿದರೆ ಲಾರಿ ಇಳಿಸುವಾಗಲೇ ನೂರು ಹಂಚು ಹಿತ್ತಲಲ್ಲಿ ಎತ್ತಿಡಿ, ಐದು ವರ್ಷ ಬಿಟ್ಟು ಹೋದರೆ ಅದೇ ಅಚ್ಚು ಸಿಗುತ್ತದೆ ಅನ್ನುವ ಭರವಸೆ ಇಲ್ಲ.