ಪಿಎಚ್‌ಡಿ ಸಿನಾಪ್ಸಿಸ್ ಬರಿಯೂ ಮುಂದ ಇಷ್ಟ್ ಮಾಡ್ಕೋರಿ

"ಇಳಕಲ್ ನೇಕಾರರ ಸಮಸ್ಯೆಗಳು: ಒಂದು ಅಧ್ಯಯನ" ಅಂತ ಸಿನಾಪ್ಸಿಸ್‌ಗೆ (ಅಂದ್ರ ಏನ್ ಸಂಶೋಧನೆ, ಹೆಂಗ ಮಾಡ್ತೇನಿ ಅನ್ನೂ ಪ್ರಸ್ತಾವನೆಗೆ) ಟೈಟಲ್ ಬರ್ಕೊಂಡು ಗೈಡ್ ಕಡೆ ಹೋದ್ರ ಮೊದ್ಲ ಕೇಳೂದ ಯಾರ ಸಮಸ್ಯೆ, ಯಾವ ಸಮಸ್ಯೆ ಅಂತ. ಅದು ಬರೇ ವಿಷಯ, ಪ್ರಶ್ನೆ ಅಲ್ಲ. ಪ್ರಶ್ನೆ ಅಂದ್ರ ಹಿಂಗಿರಬೇಕ್ರಿ: ಕೈಮಗ್ಗದ ಮನ್ಯಾಗ ಹುಟ್ಟಿದ ಹುಡುಗ್ರು ಮಗ್ಗ ಬಿಟ್ಟು ಗ್ರಾನೈಟ್ ಕೆಲಸಕ್ಕೋ ಅಂಗಡಿಗೋ ಹೋಗಾಕತ್ತಾರಲ್ಲ, ಅದಕ್ಕ ಕೂಲಿ ಕಡಿಮಿ ಅನ್ನೂದಷ್ಟ ಕಾರಣಾನೋ ಬ್ಯಾರೆ ಏನರ ಐತೋ? ಇದನ್ನ ನೇಕಾರಗ ಹೇಳಿದ್ರ ಅಂವಗ ತಿಳೀಬೇಕು, ತಿಳದ್ರ ಪ್ರಶ್ನೆ ಸರಿ ಐತಿ ಅಂತ ತಿಳ್ಕೋರಿ.

ಆಮ್ಯಾಲ ಯಾರ್ ಏನ್ ಮಾಡ್ಯಾರ ನೋಡ್ರಿ. ಶೋಧಗಂಗಾ ಅನ್ನೂ ವೆಬ್‌ಸೈಟ್‌ನ್ಯಾಗ ಮುಗದ ಥೀಸಿಸ್ ಸಿಗತಾವು, ಒಪ್ಪಿಗಿ ಆದ ಸಿನಾಪ್ಸಿಸ್ ಹೆಂಗಿರತೈತಿ ನೋಡಬೇಕಂದ್ರ ಶೋಧಗಂಗೋತ್ರಿ ವೆಬ್‌ಸೈಟಿಗೆ ಹೋಗ್ರಿ, ಎರಡೂ ಫ್ರೀ. ಕನ್ನಡದಾಗೂ ಇಂಗ್ಲಿಷ್‌ನ್ಯಾಗೂ ಹುಡುಕ್ರಿ. ಥೀಸಿಸ್‌ನ ಕಡೀ ಅಧ್ಯಾಯ ಮೊದಲ ಓದ್ರಿ, ಮುಂದಿನ ಸಂಶೋಧನೆಗೆ ಏನ್ ಉಳದೈತಿ ಅಂತ ಅಲ್ಲೇ ಬರದಿರತಾರ. ದೇಶದ ಅಂಕಿ-ಅಂಶಕ್ಕ 2019-20ರ ಕೈಮಗ್ಗ ಗಣತಿ ಐತಿ. "ಈ ವಿಷಯದ ಮ್ಯಾಲ ಇಲ್ಲೀ ತನಕ ಯಾರೂ ಮಾಡಿಲ್ಲ" ಅಂತ ಮಾತ್ರ ಬರೀಬ್ಯಾಡ್ರಿ, ಸಿನಾಪ್ಸಿಸ್ ನೋಡಿ ಒಪ್ಪಿಗಿ ಕೊಡೂ ಕಮಿಟ್ಯಾಗ ಕುಂತವ್ರೊಳಗ ಒಬ್ರು ಮಾಡಿರತಾರ! ಯಾರು ಎಲ್ಲೀ ತನಕ ಹೋಗಿ ನಿಂತಾರ, ನಾ ಅಲ್ಲಿಂದ ಎತ್ತ ಹೊಂಟೇನಿ, ಇಷ್ಟ್ ಹೇಳಿದ್ರ ಆತು.

ಭಾಳ ಮಂದಿ ಸಿಕ್ಕೊಳ್ಳೂದು ವಿಧಾನದಾಗ. ಉದ್ದೇಶ ಆರು ಬರದಿರತಾರ, ಅದ್ರಾಗ ನಾಕಕ್ಕ ಮಾಹಿತಿ ಎಲ್ಲಿಂದ ತರ್ತಾರೋ ದೇವ್ರಿಗೇ ಗೊತ್ತು. ಒಂದು ಹಾಳಿ ತಗೊಂಡು ಗೆರಿ ಹೊಡೀರಿ: ಉದ್ದೇಶ, ಬೇಕಾದ ಮಾಹಿತಿ, ಯಾರ ಕಡೆಯಿಂದ, ಹೆಂಗ ತಗೊಳ್ಳೂದು, ಹೆಂಗ ಲೆಕ್ಕಾ ಹಾಕೂದು. ಯಾವ ಉದ್ದೇಶದ ಮುಂದ ಖಾನೆ ಖಾಲಿ ಉಳೀತೈತಿ ಅದನ್ನ ತಗದ ಒಗೀರಿ. ಮೂರು ಉಳದ್ರ ಸಾಕು, ನನಗಂತೂ ಮೂರ ಭಾಳ ಅನಸ್ತೈತಿ.

ಪ್ರಶ್ನಾವಳಿ ಮನ್ಯಾಗ ಕುಂತ ಬರದ್ರ ಹೆಂಗಾಗತೈತಿ ಅಂದ್ರ, "ನಿಮ್ಮ ತಿಂಗಳ ಆದಾಯ ಎಷ್ಟು?" ಅಂತ ಹಾಕಿರತೀರಿ, ಆದ್ರ ಕೂಲಿ ನೇಯೋ ಮನ್ಯಾಗ ಸೀರಿ ಲೆಕ್ಕದ ಮ್ಯಾಲ ರೊಕ್ಕ ಬರತೈತಿ, ತಿಂಗಳದ ಲೆಕ್ಕ ಯಾರ್ ಇಟ್ಟಿರತಾರ, ಕೇಳಿದ್ರ ಬಾಯಿಗೆ ಬಂದ ಒಂದು ಅಂಕಿ ಹೇಳಿ ಕಳಸ್ತಾರ. "ಹ್ವಾದ ಸೀರಿ ಎಷ್ಟ್ ದಿನಕ್ಕ ಇಳೀತು, ಅದಕ್ಕ ಎಷ್ಟ್ ಕೊಟ್ರು?" ಅಂತ ಕೇಳ್ರಿ, ಖರೇ ಲೆಕ್ಕ ಬರತೈತಿ. ಇನ್ನೊಂದು, ಮಗ್ಗದಾಗ ಕುಂತಾಂವ ಒಬ್ಬ, ಕಂಡಿಕಿ (ಅಡ್ಡ ನೂಲಿನ ಸುರುಳಿ) ಸುತ್ತೂ ಹೆಂಡ್ತಿ, ಸೆರಗಿನ ಎಳಿ ಒಡಲಿನ ಎಳಿಗೆ ಕೊಂಡಿ ಹಾಕಾಕ ಕೂಡೂ ಅವ್ವ, ಅಷ್ಟೂ ಮಂದೀದು ಸೇರಿ ಒಂದ ಕೂಲಿ. ಹಂಗಾದ್ರ ನೀವು ಎಣಸೂದು ನೇಕಾರನ್ನೋ, ಮಗ್ಗಾನೋ, ಮನೀನೋ? ಇದನ್ನ ಪ್ರಸ್ತಾವನೆಯೊಳಗ ಸ್ಪಷ್ಟ ಬರೀಲಿಲ್ಲಂದ್ರ ಮುಂದ ಟೇಬಲ್ ಹಾಕಾಕ ಕುಂತಾಗ ಎಲ್ಲಾ ಗೊಂದಲ. ಅದಕ್ಕ ಬರಿಯೂ ಮುಂದ ಒಂದ ನಾಕ ಮನಿಗೆ ಹೋಗಿ ಬರ್ರಿ, ಚಾ ಕುಡೀರಿ, ಸುಮ್ನ ನೋಡ್ರಿ. ಹೆಸರು ಹಾಕಬೇಕೋ ಬ್ಯಾಡೋ, ರೆಕಾರ್ಡ್ ಮಾಡಬೌದೋ ಅಂತ ಆಗ ಕೇಳ್ರಿ, ಯಾಕಂದ್ರ ಸಾಲ ಕೊಟ್ಟ ಮಾಲಕರ ಬಗ್ಗೆ ಮಾತಾಡಿದ್ದು ಹೊರಗ ಬಿದ್ರ ತ್ರಾಸು ನೇಕಾರರಿಗೆ.

ಟೈಮ್‌ಟೇಬಲ್ ಹಾಕಾಗ ಊರಿನ ಕ್ಯಾಲೆಂಡರ್ ನೋಡ್ರಿ. ಲಗ್ನದ ಸೀಜನ್‌ದಾಗ ಆರ್ಡರ್ ಇರತಾವು, ನಿಮಗ್ಯಾರೂ ಟೈಮ್ ಕೊಡಂಗಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2022ರ ನಿಯಮದಾಗ ಪಿಎಚ್‌ಡಿಗೆ ಕಮ್ಮಿ ಅಂದ್ರ 3 ವರ್ಷ, ಕೋರ್ಸ್‌ವರ್ಕ್ ಅದ್ರಾಗ ಬಂತು, ಹಂಗಾಗಿ ಫೀಲ್ಡ್‌ವರ್ಕ್ ಕಡೀ ವರ್ಷಕ್ಕ ತಳ್ಳಬ್ಯಾಡ್ರಿ. ಬಸ್, ಝೆರಾಕ್ಸ್, ಊಟದ ಖರ್ಚು ಬರ್ಕೊಂಡು ಇಟ್ಕೋರಿ, ಫೆಲೋಶಿಪ್‌ಗೆ ಅರ್ಜಿ ಹಾಕಿದ್ರ ಬೇಕಾಗತೈತಿ.

ಕಮಿಟಿ ಮುಂದ ನಿಂತಾಗ ಒಂದು ಪ್ರಶ್ನೆ ಬಂದ ಬರತೈತಿ: ಇಳಕಲ್ ಯಾಕ, ಖಣ ನೇಯೂ ಗುಳೇದಗುಡ್ಡ ಯಾಕಲ್ಲ? "ನಮ್ಮೂರು ಹತ್ರ ರೀ ಸರ್" ಅಂದ್ರ ನಡ್ಯಂಗಿಲ್ಲ. ನಿಮ್ಮ ಪ್ರಶ್ನೆಗೆ ಆ ಊರ ಯಾಕ ಬೇಕು ಅನ್ನೂದನ್ನ ಎರಡು ಸಾಲಿನ್ಯಾಗ ಸಿನಾಪ್ಸಿಸ್‌ದಾಗ ಹಾಕಿಬಿಡ್ರಿ.