ಆಟಿಸಂ ಇರುವ ಮಗುವಿನ ಪರವಾಗಿ ಶಾಲೆಯಲ್ಲಿ ಮಾತಾಡುವುದು ಹೇಗೆ?

‘ನೋಡೋಣ, ನಾವು ಗಮನ ಕೊಡ್ತೀವಿ ಬಿಡಿ’ ಅಂತ ಶಾಲೆಯವರು ಹೇಳಿದರೆ ಸಮಾಧಾನವಾಗುತ್ತದೆ, ನಿಜ. ಆದರೆ ಟೀಚರ್ ಬದಲಾದರೆ ಆ ಮಾತು ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಏನೇ ಕೇಳಿದರೂ ದಿನಾಂಕ ಹಾಕಿ ಬರವಣಿಗೆಯಲ್ಲಿ ಕೇಳಿ.

ಮೊದಲು ಮಗುವಿನ ಬಗ್ಗೆ ಒಂದೇ ಪುಟ ಬರೆಯಿರಿ. ಡಾಕ್ಟರ್ ರಿಪೋರ್ಟ್‌ನ ಭಾಷೆ ಬೇಡ. ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾಳೆ, ಬೇಕಾದ್ದನ್ನು ಹೇಗೆ ಕೇಳುತ್ತಾಳೆ, ಮಾತಿಗಿಂತ ಚಿತ್ರ ತೋರಿಸಿದರೆ ಬೇಗ ತಿಳಿಯುತ್ತದಾ, ಯಾವುದರಲ್ಲಿ ಜಾಣೆ, ಇಷ್ಟು ಸಾಕು.

ಮೀಟಿಂಗ್‌ಗೆ ಒಬ್ಬರೇ ಹೋಗಬೇಡಿ. ಜೊತೆಗೆ ಬಂದವರು ಸುಮ್ನೆ ಬರೆದುಕೊಳ್ಳುತ್ತಾ ಕೂತರೂ ಆಯಿತು. ಅದೇ ದಿನ ಸಂಜೆ ‘ಇಂದು ಹೀಗೆ ಮಾತಾಯಿತು, ತಪ್ಪಿದ್ದರೆ ತಿಳಿಸಿ’ ಅಂತ ಒಂದು ಇಮೇಲ್ ಕಳಿಸಿಬಿಡಿ.

ಜಾಸ್ತಿ ಹೊತ್ತು ಕೊಡಬೇಕಾದದ್ದು ಐಇಪಿಗೆ, ಅಂದರೆ ನಿಮ್ಮ ಮಗುವಿಗೆಂದೇ ಮಾಡುವ ಕಲಿಕೆಯ ಯೋಜನೆಗೆ. ‘ಸಂವಹನ ಸುಧಾರಿಸುವುದು’ ಅಂತ ಬರೆದಿದ್ದರೆ ಅದು ಗುರಿಯೇ ಅಲ್ಲ, ಯಾಕೆಂದರೆ ಅದು ಆಯಿತೋ ಇಲ್ಲವೋ ಅಂತ ಯಾರೂ ಅಳೆಯಲಾರರು. ‘ಬ್ರೇಕ್ ಬೇಕಾದಾಗ ಐದರಲ್ಲಿ ನಾಲ್ಕು ಸಲ ಕಾರ್ಡ್ ತೋರಿಸಿ ಕೇಳುತ್ತಾಳೆ’ ಅಂತಿದ್ದರೆ ಅಳೆಯಬಹುದು. ಅದನ್ನು ಕಲಿಸುವವರು ಯಾರು, ವಾರಕ್ಕೆ ಎಷ್ಟು ನಿಮಿಷ, ಲೆಕ್ಕ ಇಡುವವರು ಯಾರು ಅನ್ನುವುದೂ ಅಲ್ಲೇ ಇರಲಿ. ‘ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು’, ‘ಅಲುಗಾಡದೆ ಕೂರಬೇಕು’ ಎಂಬ ಗುರಿಗಳನ್ನು ಕಂಡರೆ ನನಗಂತೂ ಅನುಮಾನ. ಇದು ಮಗುವಿನ ಕಲಿಕೆಗೋ, ದೊಡ್ಡವರ ಅನುಕೂಲಕ್ಕೋ? ಆಟಿಸಂ ಇರುವ ಎಷ್ಟೋ ಜನರಿಗೆ ಕಣ್ಣು ಸೇರಿಸುವುದೇ ಹಿಂಸೆ.

‘ತುಂಬಾ ಹಠ’ ಅನ್ನುವ ದೂರು ಬಂದರೆ, ಪ್ರತಿ ಸಲ ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಅಂತ ಬರೆದಿಡಲು ಕೇಳಿ. ಎರಡು ವಾರದ ದಾಖಲೆ ಸಿಕ್ಕರೆ, ಬೆಲ್ಲಿನ ಸದ್ದೋ, ಹೇಳದೆ ಬದಲಾದ ಪೀರಿಯಡ್ಡೋ, ಕಾರಣ ಬಹಳ ಸಲ ಅಲ್ಲೇ ಕಾಣುತ್ತದೆ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಆದರೂ 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ 24ನೇ ವಿಧಿ ಶಿಕ್ಷಣದ ಬಗ್ಗೆಯೇ ಇದೆ. ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅನ್ನುತ್ತದೆ ಅದು. ಶಾಲೆ ಏನಾದರೂ ಆಗಲ್ಲ ಅಂದರೆ ಜಗಳ ಬೇಡ, ಕಾರಣ ಬರೆದು ಕೊಡಿ ಅನ್ನಿ. ಇಷ್ಟಕ್ಕೇ ಕೆಲವು ‘ಆಗಲ್ಲ’ಗಳು ‘ನೋಡೋಣ’ ಆಗುತ್ತವೆ!

ಐಇಪಿಗೆ ಸಹಿ ಮಾತ್ರ ಮೀಟಿಂಗ್‌ನಲ್ಲೇ ಕೂತು ಹಾಕಬೇಡಿ. ಕಾಗದ ಮನೆಗೆ ತಂದು ನಿಧಾನವಾಗಿ ಓದಿ. ಅದರಲ್ಲಿರುವುದು ಇಷ್ಟವೋ ಅಲ್ಲವೋ ಅಂತ ಮಗುವನ್ನೂ ಕೇಳಿ. ಮಾತಲ್ಲೋ, ಚಿತ್ರದಲ್ಲೋ, ಟ್ಯಾಬ್‌ನಲ್ಲೋ, ಅದು ಹೇಗೆ ಹೇಳಿದರೂ ಸರಿ.