ಮನೆಯಲ್ಲೇ ಸೀಮೆಸುಣ್ಣ: ಪುಡಿಗೆ ನೀರು ಸುರಿಯಬೇಡಿ

ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ಕೈಯಲ್ಲಿ ಸೀಮೆಸುಣ್ಣ ಮಾಡಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೆಚ್ಚಿನ ಸಲ ಒಂದೇ ಕಥೆ. ಬೋಗುಣಿಯಲ್ಲಿ ಪುಡಿ ಇರುತ್ತದೆ. ಯಾರೋ ಒಬ್ಬರು ಚೊಂಬಿನಿಂದ ನೀರು ಸುರಿಯುತ್ತಾರೆ. ಗಂಟು ಕಟ್ಟುತ್ತದೆ. ಗಂಟು ಒಡೆಯಲೆಂದು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತಾರೆ. ಅಷ್ಟರಲ್ಲಿ ಗಟ್ಟಿಯಾಗುತ್ತದೆ, ಇನ್ನೊಂದಿಷ್ಟು ನೀರು ಬೀಳುತ್ತದೆ. ಮಾರನೇ ದಿನ ಕಡ್ಡಿ ಹಿಡಿದರೆ ಹುರಿಹಿಟ್ಟಿನ ಹಾಗೆ ಕೈಯಲ್ಲೇ ಉದುರುತ್ತದೆ. ಮಗು ಅಳುತ್ತದೆ.

ದುಡ್ಡು ಉಳಿಸುವ ಆಸೆಯಿಂದ ಇದಕ್ಕೆ ಕೈ ಹಾಕಬೇಡಿ. ಅಂಗಡಿಯ ಡಬ್ಬಿಯೇ ಅಗ್ಗ. ಅಂಗಳದಲ್ಲಿ ಕುಂಟೆಬಿಲ್ಲೆ ಮನೆ ಬರೆಯಲು ದಪ್ಪನೆಯ ಬಣ್ಣದ ಕಡ್ಡಿ ಬೇಕು, ರಜೆಯಲ್ಲಿ ಒಂದು ಮಧ್ಯಾಹ್ನ ಕಳೆಯಬೇಕು ಅಂದರೆ ಮಾತ್ರ ಮಾಡಿ.

ಮೊದಲು, ಇದು ಏನು ಅಂತ ಗೊತ್ತಿರಲಿ

ಹೊರದೇಶದಿಂದ ಬಂದದ್ದಕ್ಕೆಲ್ಲ ನಮ್ಮವರು ‘ಸೀಮೆ’ ಸೇರಿಸಿದರು. ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ, ಹಾಗೆಯೇ ಸೀಮೆಸುಣ್ಣ. ಆ ಸೀಮೆಯ ಅಸಲಿ ಸುಣ್ಣ ಇಂಗ್ಲೆಂಡಿನ ಡೋವರ್ ಕಡಲತೀರದಲ್ಲಿ ಬಿಳಿ ಗೋಡೆಯ ಹಾಗೆ ನಿಂತಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಡಲ ಪಾಚಿಗಳ ಚಿಪ್ಪು ತಳಕ್ಕೆ ಬಿದ್ದು, ಕೋಟ್ಯಂತರ ವರ್ಷ ಪದರ ಪದರವಾಗಿ ಕೂತು ಆದ ಮೆದು ಕಲ್ಲು ಅದು. ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಶಾಲೆಗಳ ಮಾಮೂಲಿ ಕಡ್ಡಿ ಸಾಮಾನ್ಯವಾಗಿ ಜಿಪ್ಸಂನದು, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ನಿಮ್ಮ ಡಬ್ಬಿಯಲ್ಲಿರುವುದು ಯಾವುದು ಅಂತ ನೋಡಬೇಕಾ? ಒಂದು ತುಂಡು ಪುಡಿ ಮಾಡಿ ನಿಂಬೆರಸ ಹಿಂಡಿ. ಬುರುಬುರು ಗುಳ್ಳೆ ಎದ್ದರೆ ಕಾರ್ಬೊನೇಟ್. ಸುಮ್ನೆ ನೆನೆದರೆ ಜಿಪ್ಸಂ.

ಬಳಪದ ಜಾತಿಯೇ ಬೇರೆ. ಅದು ಕಲ್ಲನ್ನೇ ಕೊಯ್ದು ಮಾಡಿದ ಕಡ್ಡಿ. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ಕೆತ್ತಿದ್ದು ಕೂಡ ಬಳಪದ ಕಲ್ಲಿನಲ್ಲೇ. ಅದನ್ನು ಅಚ್ಚಿಗೆ ಹೊಯ್ಯಲು ಬರುವುದಿಲ್ಲ, ಹಾಗಾಗಿ ಇಲ್ಲಿಗೆ ಬಿಡೋಣ.

ಸಾಮಾನು

ಬೇಕಾದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್. ಗಣೇಶನ ಹಬ್ಬ ಬಂದಾಗಲೆಲ್ಲ ಜಗಳ ಆಗುತ್ತಲ್ಲ, ಅದೇ ಪಿಒಪಿ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಭಾಗ ಹೋಗುತ್ತದೆ, ಈ ಪುಡಿ ಉಳಿಯುತ್ತದೆ. ನೀರು ಸೇರಿದೊಡನೆ ಅದು ಮತ್ತೆ ಜಿಪ್ಸಂ ಆಗಲು ಹೊರಡುತ್ತದೆ. ನಮ್ಮ ಕೆಲಸವೆಲ್ಲ ಆ ಕೆಲವು ನಿಮಿಷಗಳಲ್ಲೇ ಮುಗಿಯಬೇಕು.

ಬಿಡಿಯಾಗಿ ತೂಗಿ ಕೊಡುವ ಪುಡಿ ತರಬೇಡಿ. ಮೂಟೆ ಬಾಯಿ ತೆರೆದು ಎಷ್ಟು ದಿನ ಆಯಿತೋ ಯಾರಿಗೆ ಗೊತ್ತು? ಮಳೆಗಾಲದ ತೇವ ಕುಡಿದ ಪುಡಿ ಸತ್ತ ಹಾಗೇ. ಒಮ್ಮೆ ನಾನು ಅಂಥದ್ದೇ ಐದು ಕೆಜಿ ತಂದು, ಮೂವತ್ತು ಮಕ್ಕಳ ಮುಂದೆ ಮರ್ಯಾದೆ ಕಳೆದುಕೊಂಡೆ. ಸಂಜೆಯಾದರೂ ಗಂಜಿ ಗಂಜಿಯಾಗಿಯೇ ಇತ್ತು. ಈಗ ಮೊದಲು ಒಂದು ಚಮಚ ಕಲಸಿ ನೋಡುತ್ತೇನೆ. ಅರ್ಧ ಗಂಟೆಯಲ್ಲಿ ಉಗುರು ಊರದಷ್ಟು ಗಟ್ಟಿಯಾದರೆ ಸರಿ.

ಅಚ್ಚಿಗೆ ಹಳೆಯ ಎಕ್ಸ್‌ರೇ ಫಿಲ್ಮಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಎಲ್ಲರ ಮನೆಯ ಬೀರುವಿನಲ್ಲೂ ಒಂದು ಇರುತ್ತದೆ, ಅಲ್ವಾ? 8 ಸೆಂಟಿಮೀಟರ್ ಎತ್ತರ, 6 ಸೆಂಟಿಮೀಟರ್ ಅಗಲದ ತುಂಡು ಕತ್ತರಿಸಿ. ಒಳಮೈಗೆ ಕಡಲೆಕಾಯಿ ಎಣ್ಣೆ ಒರೆಸಿ. ದಪ್ಪ ಪೆನ್ನಿಗೆ ಸುತ್ತಿ, ಟೇಪ್ ಹಚ್ಚಿ, ಪೆನ್ನು ಎಳೆದುಕೊಳ್ಳಿ. ತಳಕ್ಕೂ ಟೇಪ್ ಹಚ್ಚಿ. ಅಂಗಳದ ಆಟಕ್ಕೆ ಇನ್ನೂ ದಪ್ಪ ಬೇಕಾದರೆ ಪೆನ್ನಿನ ಬದಲು ಮಾರ್ಕರ್‌ಗೆ ಸುತ್ತಿ, ತುಂಡಿನ ಅಗಲ ಸ್ವಲ್ಪ ಹೆಚ್ಚಿಸಿ. ಎಣ್ಣೆ ಜಾಸ್ತಿ ಆದರೆ ಕಡ್ಡಿ ಜಾರುತ್ತದೆ, ಬರೆಯುವುದಿಲ್ಲ. ಜ್ಯೂಸ್ ಸ್ಟ್ರಾ ಬಳಸಿ ಎಂದು ಹೇಳುವವರಿದ್ದಾರೆ. ಅದರಿಂದ ಕಡ್ಡಿಯನ್ನು ಮುರಿಯದೆ ಹೊರತೆಗೆದವರನ್ನು ನಾನಂತೂ ಕಂಡಿಲ್ಲ. ಹನ್ನೆರಡು ಕೊಳವೆಗಳನ್ನು ಒಂದು ಲೋಟದಲ್ಲಿ ಒತ್ತಾಗಿ ನಿಲ್ಲಿಸಿಡಿ. ಇದು ಮೊದಲೇ ಆಗಬೇಕು. ಕಲಸಿದ ಮೇಲೆ ಟೇಪ್ ಹುಡುಕಲು ಪುರುಸೊತ್ತು ಸಿಗುವುದಿಲ್ಲ.

ಕಲಸುವುದು

ಇಲ್ಲೇ ಎಲ್ಲರೂ ಎಡವುವುದು, ಹಾಗಾಗಿ ನಿಧಾನವಾಗಿ ಓದಿ.

ಒಂದು ಸಲಕ್ಕೆ ಹನ್ನೆರಡು ಕಡ್ಡಿಗಿಂತ ಹೆಚ್ಚಿಗೆ ಕಲಸಬೇಡಿ. ಅಳತೆ: 6 ದೊಡ್ಡ ಚಮಚ ಪುಡಿ, ನಾಲ್ಕೂವರೆ ಚಮಚ ನೀರು. ನೀರು ಕಡಿಮೆಯಾದರೆ ಕಡ್ಡಿ ಕಲ್ಲಾಗಿ ಬೋರ್ಡ್ ಗೀರುತ್ತದೆ. ಜಾಸ್ತಿಯಾದರೆ ಪುಡಿಪುಡಿ.

ಪಾತ್ರೆಗೆ ಮೊದಲು ನೀರು ಹಾಕಿ. ತಣ್ಣೀರೇ ಇರಲಿ, ಬಿಸಿನೀರಿಗೆ ಬೇಗ ಗಟ್ಟಿಯಾಗುತ್ತದೆ. ಬಣ್ಣ ಬೇಕಾದರೆ ಅರ್ಧ ಚಮಚ ಪೋಸ್ಟರ್ ಕಲರ್ ಈ ನೀರಿಗೇ ಕದಡಿ. ಬರೀ ಬಿಳಿ ಸಾಕು ಅನ್ನುವವರು ಬಟ್ಟೆಗೆ ಹಾಕುವ ನೀಲಿ ಒಂದೇ ಹನಿ ಬಿಡಿ, ಬಿಳುಪು ಎದ್ದು ಕಾಣುತ್ತದೆ. ರಂಗೋಲಿ ಪುಡಿ ಬೇಡ, ಅದರ ಮರಳು ಗೀರುತ್ತದೆ. ಅರಿಶಿನವೂ ಬೇಡ, ಬಿಸಿಲಿಗೆ ಬಣ್ಣ ಮಾಸುತ್ತದೆ.

ಈಗ ಪುಡಿಯನ್ನು ಉಪ್ಪಿಟ್ಟಿಗೆ ರವೆ ಉದುರಿಸಿದ ಹಾಗೆ ನೀರಿನ ಮೇಲೆಲ್ಲ ಉದುರಿಸಿ. ಚಮಚ ಆಡಿಸಬೇಡಿ. ಪುಡಿ ತಾನಾಗಿ ನೀರು ಕುಡಿದು ಮುಳುಗಬೇಕು. ಎಲ್ಲಾ ಹಾಕಿದ ಮೇಲೆ ಒಂದು ನಿಮಿಷ ಕೈ ಕಟ್ಟಿ ಕೂತಿರಿ. ಈ ಒಂದು ನಿಮಿಷವೇ ಜನಕ್ಕೆ ಆಗುವುದಿಲ್ಲ. ಆಮೇಲೆ ಚಮಚವನ್ನು ತಳಕ್ಕೆ ತಾಗಿಸಿ ನಿಧಾನವಾಗಿ ಇಪ್ಪತ್ತು ಸುತ್ತು ತಿರುಗಿಸಿ. ಮೇಲೆ ಎತ್ತಿ ಬಡಿದರೆ ಗಾಳಿ ಸೇರುತ್ತದೆ, ಗಾಳಿಗುಳ್ಳೆ ಇದ್ದಲ್ಲೇ ಕಡ್ಡಿ ಮುರಿಯುತ್ತದೆ. ನೀರುದೋಸೆ ಹಿಟ್ಟಿಗಿಂತ ತುಸು ಮಂದ ಇದ್ದಾಗ ಕೊಳವೆಗೆ ಹೊಯ್ಯಿರಿ. ಲೋಟವನ್ನು ಮೇಜಿಗೆ ಮೆಲ್ಲಗೆ ನಾಲ್ಕು ಸಲ ಕುಟ್ಟಿ.

ಹೊಯ್ಯುವಾಗಲೇ ಗಟ್ಟಿಯಾಗತೊಡಗಿದರೆ? ಬಿಸಾಡಿ. ನೀರು ಬೆರೆಸಿ ಉಳಿಸಿಕೊಳ್ಳಲು ಹೋಗಬೇಡಿ. ಒಳಗೆ ಸೂಜಿಯಂಥ ಹರಳುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತಿರುತ್ತವೆ. ಕಲಕಿದರೆ ಆ ಹೆಣಿಗೆ ಹರಿಯುತ್ತದೆ, ಮತ್ತೆ ಕೂಡುವುದಿಲ್ಲ. ಎರಡನೇ ಸಲ ಇನ್ನೂ ಬೇಗ ಗಟ್ಟಿಯಾಯಿತಾ? ಪಾತ್ರೆ ಸರಿಯಾಗಿ ತೊಳೆದಿಲ್ಲ. ಹಳೆಯ ಚೂರು ಹೆಪ್ಪಿನ ಹಾಗೆ ಕೆಲಸ ಮಾಡುತ್ತದೆ. ಸಮಯ ಸಾಲದವರು ನೀರಿಗೆ ಎರಡು ಹನಿ ನಿಂಬೆರಸ ಹಾಕಿಕೊಳ್ಳಿ, ಗಟ್ಟಿಯಾಗುವುದು ತಡವಾಗುತ್ತದೆ.

ಪಾತ್ರೆ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ. ಇದು ನೀರಿನೊಳಗೂ ಗಟ್ಟಿಯಾಗುತ್ತದೆ. ಪ್ಲಂಬರ್ ಬಂದು ಹೋದ ಮೇಲೆ ಕಡ್ಡಿಯ ಅಸಲು ಬೆಲೆ ತಿಳಿಯುತ್ತದೆ.

ನಗೆಯಲ್ಲದ ಮಾತೂ ಒಂದಿದೆ. ಗಟ್ಟಿಯಾಗುವಾಗ ಇದು ಬಿಸಿಯಾಗುತ್ತದೆ. ಕಡ್ಡಿಯಲ್ಲಿ ಬರೀ ಬೆಚ್ಚಗೆ, ಬಕೆಟ್‌ನಲ್ಲಿ ಸುಡುವಷ್ಟು. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ತನ್ನ ಕೈಗಳ ಅಚ್ಚು ತೆಗೆಯಲು ಬಕೆಟ್ ತುಂಬ ಪಿಒಪಿಯಲ್ಲಿ ಕೈ ಇಟ್ಟ ಹುಡುಗಿಯೊಬ್ಬಳು ಸುಟ್ಟಗಾಯದಿಂದ ಬೆರಳುಗಳನ್ನೇ ಕಳೆದುಕೊಂಡಳು. ಮಕ್ಕಳು ಚಮಚ ಮುಟ್ಟಲಿ, ಗಂಜಿಗೆ ಕೈ ಅದ್ದುವುದು ಬೇಡ. ಪುಡಿ ಉದುರಿಸುವಾಗ ಮೂಗಿಗೆ ಬಟ್ಟೆ ಕಟ್ಟಿ.

ಬಿಡಿಸಿ ಒಣಗಿಸುವುದು

ಮುಕ್ಕಾಲು ಗಂಟೆ ಬಿಟ್ಟು ಟೇಪ್ ಕಿತ್ತು ಫಿಲ್ಮ್ ಬಿಚ್ಚಿ. ಮೊರದ ಮೇಲೆ ಹರಡಿ ಮೂರು ದಿನ ಬಿಸಿಲಿಗಿಡಿ. ಒಲೆಯ ಮೇಲೆ ಒಣಗಿಸಿದರೆ ಮತ್ತೆ ಪುಡಿಯ ದಾರಿ ಹಿಡಿಯುತ್ತದೆ. ಮಲೆನಾಡಿನವರು ಜೂನ್, ಜುಲೈಯಲ್ಲಿ ಈ ಕೆಲಸಕ್ಕೆ ಹೋಗದಿರುವುದೇ ವಾಸಿ.

ಬರೆಯುವಾಗ ಕಿರ್ರ್ ಎಂದರೆ ಕಡ್ಡಿಯನ್ನು ಅರ್ಧಕ್ಕೆ ಮುರಿದು, ಓರೆಯಾಗಿ ಹಿಡಿಯಿರಿ.

ಮುರಿದ ತುಂಡುಗಳು

ಬಿಳಿ ತುಂಡು ಎರಡನ್ನು ಬೆಳ್ಳಿ ದೀಪದ ಡಬ್ಬಿಯಲ್ಲಿ ಹಾಕಿಡಿ, ತೇವ ಹೀರುತ್ತದೆ, ಬೆಳ್ಳಿ ಕಪ್ಪಾಗುವುದು ನಿಧಾನವಾಗುತ್ತದೆ. ಬಟ್ಟೆಗೆ ಎಣ್ಣೆ ಚೆಲ್ಲಿದರೆ ಒಗೆಯುವ ಮುಂಚೆ ಕಲೆಯ ಮೇಲೆ ಉಜ್ಜಿ. ಗೋಡೆಗೆ ಶೆಲ್ಫ್ ಕೂರಿಸುವಾಗ ಗಾರೆಯವರ ಉಪಾಯ ಮಾಡಿ: ದಾರಕ್ಕೆ ಪುಡಿ ಸವರಿ, ಎರಡು ತುದಿ ಬಿಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ನೆಟ್ಟಗಿನ ಗೆರೆ ಬೀಳುತ್ತದೆ. ಜಿಮ್‌ನಲ್ಲಿ ಅಂಗೈಗೆ ಹಚ್ಚುವುದಕ್ಕೆ ಇದು ಆಗದು, ಅದು ಮೆಗ್ನೀಸಿಯಂ ಕಾರ್ಬೊನೇಟ್.

ಇರುವೆ, ಜಿರಳೆಗೆ ಗೆರೆ ಎಳೆಯುವ ಚಾಕ್ ನೋಡಲು ಥೇಟ್ ಇದೇ ಥರ ಇರುತ್ತದೆ. ಅದರಲ್ಲಿ ಕೀಟನಾಶಕ ಇದೆ. ಮಕ್ಕಳ ಸೀಮೆಸುಣ್ಣದ ಡಬ್ಬಿಯ ಹತ್ತಿರಕ್ಕೂ ಅದನ್ನು ತರಬೇಡಿ, ಅಟ್ಟದ ಮೇಲಿಡಿ.